ಎಳೆಯುವುದು ಬೇರೆ, ಹೊರುವುದು ಬೇರೆ

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಡುವ ಐ-70 ಹೆದ್ದಾರಿ ಊರು ದಾಟುತ್ತಿದ್ದಂತೆ ಬೆಟ್ಟಕ್ಕೆ ಮುಖ ಮಾಡುತ್ತದೆ. 1,600 ಮೀಟರ್ ಎತ್ತರದಲ್ಲಿರುವ ಊರಿನಿಂದ 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದವರೆಗೆ ಏರುತ್ತಲೇ ಹೋಗುವ ಈ ದಾರಿಯಲ್ಲಿ ಬೇಸಿಗೆಯ ಶನಿವಾರಗಳಂದು ಮನೆಗಳೇ ಹೊರಟಿರುತ್ತವೆ. ಒಂದೊಂದು ಪಿಕಪ್ ಟ್ರಕ್ಕಿನ ಬೆನ್ನಿಗೆ ಒಂದೊಂದು ಬಿಳಿ ಪೆಟ್ಟಿಗೆ. ಅದರೊಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ನೀರಿನ ಟ್ಯಾಂಕು. ಟ್ರಾವೆಲ್ ಟ್ರೈಲರ್ ಎನ್ನುವ ಈ ಚಕ್ರದ ಮನೆಗಳನ್ನು ಎಳೆಯುವವರು ವೃತ್ತಿಯ ಚಾಲಕರಲ್ಲ. ಶಾಲೆಯ ಮೇಷ್ಟ್ರು, ನರ್ಸು, ನಿವೃತ್ತ ಪೊಲೀಸ್, ನನ್ನ ಅಕ್ಕನ ಮಗನಂಥ ಸಾಫ್ಟ್‌ವೇರ್ ಎಂಜಿನಿಯರು. ಕಾರು ಓಡಿಸುವ ಸಾಮಾನ್ಯ ಲೈಸೆನ್ಸ್ ಇದ್ದರೆ ಈ ಗಾತ್ರದ ಟ್ರೈಲರ್ ಎಳೆಯಲು ಸಾಕು.

ಅಕ್ಕನೂ ನಾನೂ ಅವನ ಮನೆಗೆ ಹೋಗಿದ್ದು ಆಗಸ್ಟ್‌ನಲ್ಲಿ. ಅವನಿಗೆ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಎಲ್ಲರೂ ಸೇರಿ ಯೂಟಾ ಗಡಿಯ ಹತ್ತಿರದ ಕೆಂಪು ಬಂಡೆಗಳ ನಾಡಿಗೆ ಹೋಗಿ ಬರುವುದೆಂದು ಮೊದಲೇ ತೀರ್ಮಾನವಾಗಿತ್ತು. ಟ್ರಕ್ಕಿನ ಮುಂದಿನ ಸೀಟು ಬೆಂಚಿನಂಥದ್ದು, ಆರು ಜನ ಕೂರಬಹುದು. ಹಿಂದೆ ಅಡುಗೆಮನೆ ಸಮೇತ ಟ್ರೈಲರ್. ಅಕ್ಕ ರಾಗಿಹಿಟ್ಟು, ಕುಕ್ಕರ್, ಟೇಬಲ್ ಮೇಲಿಡುವ ಗ್ರೈಂಡರ್ ಎಲ್ಲ ಎತ್ತಿಟ್ಟುಕೊಂಡಿದ್ದಳು. ಹೊರಡುವ ಹಿಂದಿನ ಸಂಜೆ ಹುಡುಗ ಬಚ್ಚಲುಮನೆಯ ತೂಕದ ಯಂತ್ರ ತಂದು ಹಾಲಿನ ನಡುವೆ ಇಟ್ಟ.

"ಅಮ್ಮ, ಬೇಜಾರು ಮಾಡ್ಕೋಬೇಡ. ಎಲ್ಲರದೂ ಒಂದ್ಸಲ ನೋಡ್ಬೇಕು."

"ಏನೋ ಇದು, ವಿಮಾನಕ್ಕೆ ಸೂಟ್‌ಕೇಸು ತೂಗೋದು ಗೊತ್ತು. ಮನುಷ್ಯರನ್ನೂ ತೂಗ್ತಾರೇನೋ?" ಅಂದಳು ಅಕ್ಕ. ಆದರೂ ನಿಂತಳು. 65 ಕೆ.ಜಿ. ನಾನು 70. ಅವನು 80, ಅವನ ಹೆಂಡತಿ 62, ಮಗ 30, ಮಗಳು 24. ಅವನು ಒಂದು ಚೀಟಿಯಲ್ಲಿ ಬರೆದು ಕೂಡಿದ: 331 ಕೆ.ಜಿ. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಟ್ರಕ್ಕಿನ ಚಾಲಕನ ಬಾಗಿಲು ತೆಗೆದು ತೋರಿಸಿದ. ಬಾಗಿಲು ಬಂದು ಕೂರುವ ಕಂಬದ ಮೇಲೆ ಅಂಗೈಯಷ್ಟು ಅಗಲದ ಒಂದು ಸ್ಟಿಕ್ಕರ್. ಟೈರಿನ ಅಳತೆ, ತುಂಬಬೇಕಾದ ಗಾಳಿಯ ಲೆಕ್ಕ, ಅದರ ಮೇಲೆ ಒಂದು ಸಾಲು. ಒಳಗೆ ಕೂರುವವರು ಮತ್ತು ಸಾಮಾನು, ಎಲ್ಲ ಸೇರಿ ಇಷ್ಟು ತೂಕವನ್ನು ಯಾವ ಕಾರಣಕ್ಕೂ ಮೀರಬಾರದು ಎಂಬ ಅರ್ಥದ ಮಾತು. ಅವನ ಟ್ರಕ್ಕಿಗೆ ಅಲ್ಲಿ ಅಚ್ಚಾಗಿದ್ದ ಅಂಕಿ 689 ಕೆ.ಜಿ., ಅಂದರೆ 1,520 ಪೌಂಡ್.

"ಇದೇ ಪೇಲೋಡ್, ಮಾವ. ಟ್ರಕ್ ಹೊರಬಹುದಾದದ್ದು ಇಷ್ಟೇ. ಇದೇ ಕಂಪನಿ, ಇದೇ ಮಾಡಲ್, ಪಕ್ಕದ ಮನೆಯವರ ಟ್ರಕ್‌ಗೆ ಬೇರೆ ಅಂಕಿ ಇರುತ್ತೆ. ಸನ್‌ರೂಫ್ ಹಾಕಿಸಿದ್ರೆ, ಚರ್ಮದ ಸೀಟು ಹಾಕಿಸಿದ್ರೆ, ಫೋರ್ ವೀಲ್ ಡ್ರೈವ್ ಇದ್ರೆ, ಅದರ ತೂಕವೆಲ್ಲ ಇದರಲ್ಲೇ ಕಳೆದುಹೋಗುತ್ತೆ."

ಇಲ್ಲಿ ಒಂದು ವಿಷಯ ಹೇಳಬೇಕು. ಅಮೆರಿಕದ ಟೀವಿಯಲ್ಲಿ ಪಿಕಪ್ ಜಾಹೀರಾತು ಬಂದರೆ ಕಾಣುವುದು ಒಂದೇ ಅಂಕಿ: ಎಷ್ಟು ಎಳೆಯುತ್ತದೆ ಎಂಬುದು. ಇವನ ಟ್ರಕ್ಕಿಗೆ ಅದು 11,000 ಪೌಂಡ್, ಹತ್ತಿರಹತ್ತಿರ 5 ಟನ್. ಟ್ರೈಲರ್ ಸಾಮಾನು ತುಂಬಿಕೊಂಡು ತೂಗುವುದು 3,266 ಕೆ.ಜಿ. ಮಾರಿದ ಅಂಗಡಿಯವರು ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು, ಇನ್ನೂ ಒಂದೂವರೆ ಟನ್ನಿಗಿಂತ ಹೆಚ್ಚು ಮಿಗುತ್ತದೆ, ಧಾರಾಳ ಸಾಕು ಎಂದು ಹೇಳಿ ಕಳಿಸಿದ್ದರಂತೆ. ಎಳೆಯುವ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಟ್ರೈಲರ್ ಬರೀ ಹಿಂದೆ ಉರುಳುತ್ತಾ ಬರುವ ವಸ್ತುವಲ್ಲ. ಅದರ ಮುಂದಿನ ಕತ್ತು ಟ್ರಕ್ಕಿನ ಹಿಂಭಾಗದಲ್ಲಿರುವ ಹಿಚ್ ಎಂಬ ಕೊಂಡಿಯ ಗುಂಡಿನ ಮೇಲೆ ಕೂರುತ್ತದೆ. ಅಲ್ಲಿ ಕೂತ ಭಾರವನ್ನು ಟ್ರಕ್ ಎಳೆಯುವುದಿಲ್ಲ, ಹೊರುತ್ತದೆ.

ನಮ್ಮೂರ ಕಡೆ ಗಾಡಿಗೆ ಕಬ್ಬು ಹೇರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದ ಕಾರ್ಖಾನೆಗೆ ಗಾಡಿ ಕಟ್ಟುವಾಗ ಅಪ್ಪ ಹೊರೆ ಹೇರಿಸಿ ಮುಗಿದ ಮೇಲೆ ಒಂದು ಕೈಯಿಂದ ಮೂಕಿ ಎತ್ತಿ ನೋಡುತ್ತಿದ್ದರು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಜತ್ತಿಗೆ ಎತ್ತಿನ ಗಂಟಲು ಬಿಗಿಯುತ್ತದೆ, ಗಾಡಿ ಅತ್ತಿತ್ತ ಓಲಾಡುತ್ತದೆ. ನಾಲ್ಕು ಜಲ್ಲೆ ಹಿಂದಿನಿಂದ ಮುಂದಕ್ಕೆ, ಎರಡು ಮುಂದಿನಿಂದ ಹಿಂದಕ್ಕೆ ಹಾಕಿ ಹದ ಮಾಡುತ್ತಿದ್ದರು. ಟ್ರೈಲರಿನ ಮೂಕಿಭಾರಕ್ಕೂ ಇಂಥದೇ ಒಂದು ಹದವಿದೆ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ಚಿನ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೈಲರ್ ಬಾಲ ಬೀಸಲು ಶುರುಮಾಡುತ್ತದೆ. ಟ್ರಕ್ಕಿನ ಹಾಸಿನ ಮೇಲೆ ಹಿಚ್ ಇಟ್ಟು ಕಟ್ಟುವ ಫಿಫ್ತ್ ವೀಲ್ ಎಂಬ ದೊಡ್ಡ ಟ್ರೈಲರುಗಳಲ್ಲಿ ಈ ಪಾಲು ನೂರಕ್ಕೆ 20ನ್ನೂ ದಾಟುವುದುಂಟು.

ಅವನ ಚೀಟಿಯಲ್ಲಿ ಮುಂದಿನ ಸಾಲುಗಳು ಹೀಗಿದ್ದವು. ಮೂಕಿಭಾರ 425 ಕೆ.ಜಿ. ಹಿಚ್ಚಿನ ಕಬ್ಬಿಣ 40. ಜನ 331. ಒಟ್ಟು 796. ಹೊರಬಹುದಾದದ್ದು 689. ಹಿಂದಿನ ಡಬ್ಬಿಯಲ್ಲಿ ಒಂದು ಸೌದೆಯ ತುಂಡೂ ಇಲ್ಲದೆ, ಅಕ್ಕನ ಗ್ರೈಂಡರ್ ಹತ್ತದೆ, ನೂರು ಕಿಲೋ ಮೇಲೆ. ಎಳೆಯುವ ಲೆಕ್ಕದಲ್ಲಿ ಒಂದೂವರೆ ಟನ್ ಮಿಕ್ಕಿರುವ ಅದೇ ಟ್ರಕ್ ಹೊರುವ ಲೆಕ್ಕದಲ್ಲಿ ಆಗಲೇ ಸೋತಿತ್ತು. ಅವರು ನಾಲ್ವರೇ ಇದ್ದಾಗ 661ಕ್ಕೆ ನಿಲ್ಲುತ್ತಿತ್ತು. ನಾವಿಬ್ಬರು ಬಂದು ಸೇರಿದ್ದರಿಂದ ಲೆಕ್ಕ ಮೀರಿತು.

ಅಕ್ಕನಿಗೆ ಇದು ನಾಟಿತು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಒಂದೇ ಗಾಡಿಯಲ್ಲಿ ಹರಟುತ್ತಾ ಹೋಗಬೇಕೆಂದು ಅಷ್ಟು ದೂರದಿಂದ ಬಂದವಳು ಅವಳು. "ನೂರು ಕಿಲೋ ತಾನೇ, ಇಷ್ಟು ದೊಡ್ಡ ಗಾಡಿಗೆ ಅದೊಂದು ಲೆಕ್ಕವೇನೋ?" ಎಂದು ಎರಡು ಸಲ ಕೇಳಿದಳು. ಟ್ರಕ್ ನಿಂತಲ್ಲೇ ಮುರಿದು ಬೀಳುವುದಿಲ್ಲ, ಅದು ನಿಜ. ಹೊರಟೂ ಹೊರಡುತ್ತದೆ, ಊರೊಳಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಳಿಜಾರಿನ ತಿರುವಿನಲ್ಲಿ, ಮುಂದಿನವನು ದಿಢೀರೆಂದು ನಿಲ್ಲಿಸಿದಾಗ. ಹಿಂದಿನ ಟೈರು, ಆಕ್ಸಲ್, ಸ್ಪ್ರಿಂಗು, ಬ್ರೇಕು ಇವೆಲ್ಲಕ್ಕೂ ಸೇರಿ ಇಟ್ಟ ಮಿತಿ ಅದು. ಆ ಮಿತಿ ಮೀರಿದಾಗ ಅಪಾಯಕ್ಕೆ ಸಿಗುವವರಲ್ಲಿ ಎದುರಿನಿಂದ ಬರುವ, ನಮ್ಮ ಹೆಸರೂ ಗೊತ್ತಿಲ್ಲದ ಸಂಸಾರವೂ ಇರುತ್ತದೆ. ಹುಡುಗ ಇದನ್ನು ತಾಯಿಗೆ ಸಮಾಧಾನವಾಗಿ ಹೇಳಿದ. ಕೊನೆಗೆ ಅವನ ಹೆಂಡತಿಯೇ ದಾರಿ ತೋರಿಸಿದಳು. ಅವಳ ಕಾರೂ ಬರಲಿ. ಅತ್ತೆ ಮತ್ತು ಮಗಳು ಅವಳ ಜೊತೆ. ನಾನು, ಹುಡುಗ ಮತ್ತು ಅವನ ಮಗ ಟ್ರಕ್ಕಿನಲ್ಲಿ. ಗ್ರೈಂಡರ್, ಅಕ್ಕಿ, ಮಡಿಚುವ ಕುರ್ಚಿಗಳು ಕಾರಿನ ಡಿಕ್ಕಿಗೆ. ದಾರಿಯಲ್ಲಿ ನಿಂತಲ್ಲೆಲ್ಲ ಒಬ್ಬರಿಗೊಬ್ಬರು ಜಾಗ ಬದಲಾಯಿಸಿಕೊಳ್ಳುವುದು. ಪೆಟ್ರೋಲಿನ ಖರ್ಚು ಹೆಚ್ಚು, ನಿಜ. ನನ್ನ ಮಟ್ಟಿಗೆ ಆ ಪ್ರವಾಸದ ಅತಿ ಒಳ್ಳೆಯ ತೀರ್ಮಾನ ಅದೇ.

ಬೆಳಿಗ್ಗೆ ಡೆನ್ವರ್‌ನ ಪಶ್ಚಿಮದ ಅಂಚಿನಲ್ಲಿ ಒಂದು ಟ್ರಕ್ ಸ್ಟಾಪಿಗೆ ಹೋದೆವು. ಅಲ್ಲಿ ಹಳದಿ ಕಪ್ಪು ಬೋರ್ಡಿನ ಕ್ಯಾಟ್ ಸ್ಕೇಲ್ ಇದೆ. ಲಾರಿಗಳನ್ನು ತೂಗುವ ಈ ವೇ ಬ್ರಿಡ್ಜುಗಳು 1977ರಲ್ಲಿ ಅಯೋವಾ ರಾಜ್ಯದಲ್ಲಿ ಶುರುವಾಗಿ ಈಗ ದೇಶದ ಉದ್ದಗಲಕ್ಕೂ ಹಬ್ಬಿವೆ. ಒಂದರ ಹಿಂದೆ ಒಂದು ಮೂರು ಹಾಸುಗಳು. ಟ್ರಕ್ಕಿನ ಮುಂದಿನ ಚಕ್ರ ಮೊದಲ ಹಾಸಿನ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೈಲರಿನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಬೇಕು. ಕಿಟಕಿಯಿಂದ ಕೈ ಚಾಚಿ ಗುಂಡಿ ಒತ್ತಿದರೆ ಒಳಗಿನಿಂದ ಒಬ್ಬಾಕೆ ವಿಚಾರಿಸುತ್ತಾಳೆ. ನಮ್ಮ ಹಿಂದೆ ಹದಿನೆಂಟು ಚಕ್ರದ ಲಾರಿಯೊಂದು ತನ್ನ ಸರದಿಗೆ ಕಾದಿತ್ತು. ಚಾಲಕ ಅವಸರ ಮಾಡಲಿಲ್ಲ, ಕೈಯೆತ್ತಿ ನಕ್ಕ.

ಹುಡುಗ ಒಂದು ಸಲ ತೂಗಿಸಿ ಸುಮ್ಮನಾಗುವವನಲ್ಲ. ಮೊದಲು ಟ್ರೈಲರ್ ಕಳಚಿ ಟ್ರಕ್ಕನ್ನು ಒಂಟಿಯಾಗಿ ತೂಗಿಸಿದ. ಆಮೇಲೆ ಟ್ರೈಲರ್ ಕಟ್ಟಿ, ಹಿಚ್ಚಿನ ಎರಡು ಉಕ್ಕಿನ ಸರಳುಗಳನ್ನು ಸಿಕ್ಕಿಸದೆ. ಕೊನೆಗೆ ಸರಳು ಸಿಕ್ಕಿಸಿ. ನಡುವಿನ ತೂಕದ ಚೀಟಿ ನೋಡಿ ನನಗೆ ದಿಗಿಲಾಯಿತು. ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆ 1,905 ಕೆ.ಜಿ. ಆ ಆಕ್ಸಲ್‌ನ ಮಿತಿ 1,837. ಮುಂದಿನ ಆಕ್ಸಲ್ ಮೇಲೆ ಬರೀ 1,270. ಬಾಲದ ತುದಿಯಲ್ಲಿ ಭಾರ ಕೂತಾಗ ಟ್ರಕ್ಕಿನ ಮೂಗು ಮೇಲೇಳುತ್ತದೆ. ಸ್ಟಿಯರಿಂಗ್ ತಿರುಗಿಸುವ ಚಕ್ರಗಳು ನೆಲಕ್ಕೆ ಒತ್ತಿ ಕೂರುವುದೇ ಕಡಿಮೆಯಾಗುತ್ತದೆ. ಅವನು ಜ್ಯಾಕಿನಿಂದ ಟ್ರೈಲರಿನ ಮುಂಭಾಗ ಎತ್ತಿ, ಆ ಎರಡು ಸರಳುಗಳನ್ನು ಬಾಗಿಸಿ ಕೊಂಡಿಗೆ ಸಿಕ್ಕಿಸಿದ. ಬಾಗಿದ ಉಕ್ಕು ನೇರವಾಗಲು ಹವಣಿಸುತ್ತಾ ಟ್ರಕ್ಕಿನ ಹಿಂಭಾಗವನ್ನು ಮೇಲಕ್ಕೆ ತಳ್ಳುತ್ತದೆ. ಭಾರ ಒಂದಿಷ್ಟು ಮುಂದಿನ ಚಕ್ರಗಳಿಗೂ ಒಂದಿಷ್ಟು ಟ್ರೈಲರಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಮೂರನೇ ಚೀಟಿಯಲ್ಲಿ ಹಿಂದಿನ ಆಕ್ಸಲ್ 1,724, ಮುಂದಿನದು 1,388. ಟ್ರೈಲರ್ 2,903. ಒಟ್ಟು 6 ಟನ್ನಿಗೆ ಸ್ವಲ್ಪ ಮೇಲೆ.

"ಇದನ್ನು ಹಾಕಿದ್ರೆ ಪೇಲೋಡ್ ಜಾಸ್ತಿ ಆಗುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ ಮಾವ. ಆಗಲ್ಲ. ಬಾಗಿಲಲ್ಲಿ ಬರೆದದ್ದು ಬರೆದದ್ದೇ. ಇರೋ ಭಾರ ಸರಿಯಾದ ಕಡೆ ಕೂರುತ್ತೆ, ಅಷ್ಟೇ."

ಮೊದಲನೇ ಚೀಟಿಗೂ ಎರಡನೇ ಚೀಟಿಗೂ ಟ್ರಕ್ಕಿನ ತೂಕದಲ್ಲಿ ಬರುವ ವ್ಯತ್ಯಾಸವೇ ನಿಜವಾದ ಮೂಕಿಭಾರ. ಕೊಂಡಾಗ ಕೊಟ್ಟ ಪುಸ್ತಿಕೆಯಲ್ಲಿ ಇರುವುದು ಬೇರೆ, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಪುಸ್ತಿಕೆಯ ತೂಕ ಕಾರ್ಖಾನೆಯಿಂದ ಹೊರಬಿದ್ದ ಖಾಲಿ ಟ್ರೈಲರಿನದು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ, ಹಾಸಿಗೆ, ಬಟ್ಟೆ, ತಿಂಡಿ ಯಾವುದೂ ಇಲ್ಲದ ತೂಕ. ಹಾಗೆ ಖಾಲಿ ಟ್ರೈಲರ್ ಎಳೆದುಕೊಂಡು ರಜೆಗೆ ಹೋಗುವವರು ಯಾರಿದ್ದಾರೆ? ಬ್ಯಾಟರಿಯೂ ಸಿಲಿಂಡರೂ ಸಾಮಾನ್ಯವಾಗಿ ಮೂಕಿಯ ಮೇಲೇ ಕೂರುತ್ತವೆ, ಹಾಗಾಗಿ ಏರಿಕೆಯ ದೊಡ್ಡ ಪಾಲು ಅಲ್ಲೇ ಬೀಳುತ್ತದೆ. ಮಾರುವ ಅಂಗಡಿಗಳು ಗಿರಾಕಿಗೆ ಹೇಳಬೇಕಾದ ಅಂಕಿ ಖಾಲಿ ತೂಕವಲ್ಲ. ತುಂಬಿದಾಗ ಆ ಟ್ರೈಲರ್ ತೂಗಬಹುದಾದ ಗರಿಷ್ಠ ತೂಕ ಮತ್ತು ಅದರ ನೂರಕ್ಕೆ 13 ಭಾಗ. ಮಾರಾಟಕ್ಕೆ ಮುಂಚೆ ಒಮ್ಮೆ ಗಿರಾಕಿಯ ಟ್ರಕ್ಕಿನ ಬಾಗಿಲು ತೆಗೆದು ಆ ಸ್ಟಿಕ್ಕರ್ ಓದಿಸುವುದು ಎರಡು ನಿಮಿಷದ ಕೆಲಸ. ಅದನ್ನು ಕಡ್ಡಾಯ ಮಾಡಿದರೆ ಎಷ್ಟೋ ಸಂಸಾರಗಳು ಉಳಿಯುತ್ತವೆ ಎಂದೇ ನಾನು ನಂಬುತ್ತೇನೆ.

ನೀರಿನ ವಿಷಯ ಒಂದಿಷ್ಟು. ಅವನ ಟ್ರೈಲರಿನ ಸಿಹಿನೀರಿನ ಟ್ಯಾಂಕು 150 ಲೀಟರಿನದು, ಎಂದರೆ 150 ಕೆ.ಜಿ. ಅದು ಆಕ್ಸಲ್‌ನ ಮುಂದಿದ್ದರೆ ತುಂಬಿದಾಗ ಮೂಕಿಭಾರ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ಹಿಂದಿನ ಬಂಪರಿಗೆ ನಾಲ್ಕು ಸೈಕಲ್ ನೇತುಹಾಕುವವರು ಇದನ್ನೇ ಮರೆಯುತ್ತಾರೆ. ನಾವು ಕೈತೊಳೆಯಲು ಬೇಕಾದಷ್ಟು ನೀರು ಇಟ್ಟುಕೊಂಡು ಉಳಿದದ್ದನ್ನು ಹೋದಲ್ಲಿ ತುಂಬಿಕೊಳ್ಳುವುದೆಂದು ಬಿಟ್ಟೆವು.

ಐಡಾಹೊ ಸ್ಪ್ರಿಂಗ್ಸ್ ದಾಟಿ ಡ್ಯುಮಾಂಟ್ ಹತ್ತಿರ ಬರುವಾಗ ಲಾರಿಗಳೆಲ್ಲ ಬಲಕ್ಕೆ ಸರಿದು ಸರ್ಕಾರದ ತಪಾಸಣಾ ಕೇಂದ್ರದೊಳಗೆ ಹೋದವು. ಅಲ್ಲಿ ಅವುಗಳ ತೂಕ ನೋಡುತ್ತಾರೆ, ಬ್ರೇಕ್ ನೋಡುತ್ತಾರೆ, ಚಾಲಕ ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದಾನೆಂಬ ದಾಖಲೆ ನೋಡುತ್ತಾರೆ. ನಮ್ಮಂಥವರು ನೇರ ಮುಂದೆ. ಸ್ವಂತಕ್ಕೆ ಟ್ರೈಲರ್ ಎಳೆಯುವ ಸಂಸಾರವನ್ನು ಯಾರೂ ತಡೆದು ತೂಗುವುದಿಲ್ಲ. ಅದನ್ನು ತಾವೇ ತೂಗಿಕೊಳ್ಳಬೇಕು. ಬಚ್ಚಲುಮನೆಯ ತೂಕದ ಯಂತ್ರ ಹಾಲಿಗೆ ಬಂದದ್ದಕ್ಕೆ ಕಾರಣ ಅಲ್ಲಿ ನನಗೆ ಪೂರ್ತಿ ಗೊತ್ತಾಯಿತು.

ಜಾರ್ಜ್‌ಟೌನ್ ನಂತರ ಏರು ಕಡಿದು. ಗಾಳಿ ತೆಳುವಾದಂತೆ ಇಂಜಿನ್ನಿಗೂ ಉಸಿರು ಕಡಿಮೆಯಾಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 11,000 ಅಡಿಗೆ ಬರುವ ಹೊತ್ತಿಗೆ ಮೂರನೇ ಒಂದು ಪಾಲು ಹೋಗಿರುತ್ತದೆ. ಇವನದು ಟರ್ಬೊ, ಹಾಗಾಗಿ ಅಷ್ಟು ಸೊರಗಲಿಲ್ಲ. ಆದರೂ ಬಲದ ಪಥದಲ್ಲಿ, ಲಾರಿಗಳ ಸಾಲಿನಲ್ಲಿ, ಅವುಗಳದೇ ವೇಗದಲ್ಲಿ ಹೋದ. ಹಿಂದೆ ಕಾರಿನಲ್ಲಿ ಅಕ್ಕ ಕೈಬೀಸುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಸುರಂಗ ಎರಡೂಮುಕ್ಕಾಲು ಕಿಲೋಮೀಟರ್ ಉದ್ದ. ಪಶ್ಚಿಮಕ್ಕೆ ಹೋಗುವ ಕೊಳವೆ 1973ರಲ್ಲಿ, ಪೂರ್ವಕ್ಕೆ ಬರುವುದು 1979ರಲ್ಲಿ ತೆರೆದದ್ದು. ಪಶ್ಚಿಮದ ಬಾಯಿಯಿಂದ ಹೊರಬಿದ್ದ ಕೂಡಲೇ ರಸ್ತೆ ಕಾಲ ಕೆಳಗಿನಿಂದ ಜಾರುತ್ತದೆ. ಸಿಲ್ವರ್‌ಥಾರ್ನ್ ಪಟ್ಟಣದವರೆಗೆ 600 ಮೀಟರ್‌ಗೂ ಹೆಚ್ಚು ಇಳಿತ. ಹೆದ್ದಾರಿಯ ಪಕ್ಕದ ಹಳದಿ ಫಲಕಗಳು ಲಾರಿಯವರಿಗೆ ಗೇರು ಇಳಿಸಿ ಎಂದು ಹೇಳುತ್ತವೆ, ಇಳಿಜಾರು ಇನ್ನೂ ಮುಗಿದಿಲ್ಲ ಎಂದು ಮತ್ತೆ ಎಚ್ಚರಿಸುತ್ತವೆ. ಹುಡುಗ ಸುರಂಗದ ಒಳಗಿರುವಾಗಲೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ತಂದಿದ್ದ. ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು. ಅದು ಹೋ ಎಂದು ಕೂಗಿಕೊಳ್ಳುತ್ತಿತ್ತು. ವೇಗ ಏರಿದಾಗ ಮಾತ್ರ ಅವನು ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಕಾಲು ಪೂರ್ತಿ ತೆಗೆಯುತ್ತಿದ್ದ. ಒಂದೇ ಸಮ ಮೆಲ್ಲಗೆ ಒತ್ತಿಕೊಂಡೇ ಬಂದರೆ ಬ್ರೇಕಿಗೆ ತಣಿಯಲು ಬಿಡುವೇ ಇರುವುದಿಲ್ಲ.

ಆ ಶಾಖ ಎಷ್ಟೆಂದು ನಾನು ಮನಸ್ಸಿನಲ್ಲೇ ಗುಣಿಸಿದೆ. 6 ಟನ್ ತೂಕ 600 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಮೂರೂವರೆ ಕೋಟಿ ಜೂಲ್. 100 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕಾಗುವಷ್ಟು. ಅದರಲ್ಲಿ ಒಂದಿಷ್ಟನ್ನು ಗಾಳಿ ತಡೆಯುತ್ತದೆ, ಒಂದಿಷ್ಟನ್ನು ಇಂಜಿನ್ ನುಂಗುತ್ತದೆ, ಮಿಕ್ಕದ್ದೆಲ್ಲ ಚಕ್ರಗಳೊಳಗಿನ ಕಬ್ಬಿಣಕ್ಕೆ ಹೋಗಬೇಕು. ನೂರು ಕಿಲೋ ಹೆಚ್ಚು ಹೇರಿದರೆ ಅದಕ್ಕೆ ತಕ್ಕಂತೆ ಶಾಖವೂ ಹೆಚ್ಚು. ಮುಂದೆ ಹೋಗುತ್ತಿದ್ದ ಯಾವುದೋ ಟ್ರೈಲರಿನಿಂದ ಸುಟ್ಟ ಬ್ರೇಕಿನ ಕಮಟು ವಾಸನೆ ಕಿಟಕಿಯೊಳಗೆ ಬಂತು. ಬಲಕ್ಕೆ ಬೆಟ್ಟದ ಮೇಲಕ್ಕೆ ಹತ್ತುವ, ಸಡಿಲ ಜಲ್ಲಿ ತುಂಬಿದ ಒಂದು ಅಗಲ ದಾರಿ ಕಂಡಿತು. ಆಚೆ ಎಲ್ಲಿಗೂ ಹೋಗದ ದಾರಿ ಅದು. ಬ್ರೇಕ್ ಸೋತ ಲಾರಿ ಅದರೊಳಗೆ ನುಗ್ಗಿ ಹೂತು ನಿಲ್ಲುತ್ತದೆ. ಹಿಂದಿನ ಸೀಟಿನಿಂದ ಮೊಮ್ಮಗ ಕೇಳಿದ: "ತಾತ, ನಮ್ಗೂ ಅದು ಬೇಕಾಗುತ್ತಾ?" ಅವನಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, "ಬೇಡದೇ ಇರ್ಲಿ ಅಂತಾನೇ ನಿನ್ನೆ ನಿನ್ನ ತೂಗಿದ್ದು ಕಣೋ" ಅಂದ.

ಫ್ರಿಸ್ಕೊದಲ್ಲಿ ಚಿತ್ರಾನ್ನ ತಿಂದು ಜಾಗ ಬದಲಾಯಿಸಿದೆವು. ಅಕ್ಕ ಟ್ರಕ್ಕಿಗೆ, ನಾನು ಕಾರಿಗೆ. ವೇಲ್ ಪಾಸ್ ಹತ್ತಿ ಇಳಿದದ್ದನ್ನು ಅವಳು ಮಗನ ಪಕ್ಕ ಕೂತು ನೋಡಿದಳು. ನಾನು ಹಿಂದಿನಿಂದ ಟ್ರೈಲರಿನ ನಡೆಯನ್ನೇ ಗಮನಿಸುತ್ತಿದ್ದೆ. ದೊಡ್ಡ ಲಾರಿಯೊಂದು ಎಡಗಡೆಯಿಂದ ಹಾದುಹೋಗುವಾಗ ಅದರ ಮುಂದಿನ ಗಾಳಿ ಟ್ರೈಲರನ್ನು ಮೊದಲು ಆಚೆ ತಳ್ಳುತ್ತದೆ, ಆಮೇಲೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಅಂಗುಲ ಅತ್ತ, ಒಂದು ಅಂಗುಲ ಇತ್ತ. ಸರಿಯಾಗಿ ಹೇರಿದ ಟ್ರೈಲರ್ ಅಷ್ಟಕ್ಕೇ ಸುಮ್ಮನಾಗುತ್ತದೆ. ಹಿಂಭಾರವಾದದ್ದು ಸುಮ್ಮನಾಗುವುದಿಲ್ಲ. ಪ್ರತಿ ತೂಗಿಗೂ ಅಗಲ ಹೆಚ್ಚುತ್ತಾ ಹೋಗಿ ಕೊನೆಗೆ ಟ್ರಕ್ಕನ್ನೇ ತಿರುಗಿಸಿ ಹಾಕುತ್ತದೆ. ಆಗ ಟ್ರಕ್ಕಿನ ಬ್ರೇಕ್ ತುಳಿಯುವುದು, ಸ್ಟಿಯರಿಂಗ್ ಜಗ್ಗುವುದು, ಎರಡೂ ಕೆಡುಕು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಿಡಿಯಬೇಕು. ಅದಕ್ಕೆಂದೇ ಸ್ಟಿಯರಿಂಗಿನ ಪಕ್ಕ ಬೆರಳಿಗೆ ಸಿಗುವಂತೆ ಒಂದು ಚಿಕ್ಕ ಹಿಡಿ ಇರುತ್ತದೆ. ಎಳೆಯುವ ಟ್ರಕ್ ನಿಧಾನಿಸದೆ ಹಿಂದಿನದು ಮಾತ್ರ ನಿಧಾನಿಸಿದಾಗ ಕೊಂಡಿ ಬಿಗಿದು ಟ್ರೈಲರ್ ಮತ್ತೆ ನೇರಕ್ಕೆ ಬರುತ್ತದೆ. ಅವನ ಹೆಂಡತಿಗೂ ಇದೆಲ್ಲ ಬಾಯಿಪಾಠ. ಖಾಲಿ ಮೈದಾನದಲ್ಲಿ ಟ್ರೈಲರ್ ಎಳೆದು ಆ ಹಿಡಿ ಹಿಡಿಯುವುದನ್ನು ಇಬ್ಬರೂ ಅಭ್ಯಾಸ ಮಾಡಿಕೊಂಡಿದ್ದಾರೆ. ವೇಗವನ್ನು ಗಂಟೆಗೆ 60 ಮೈಲಿಯ ಮೇಲೆ ಹೋಗಲು ಬಿಡುವುದಿಲ್ಲ ಎಂದಳು. ಎಷ್ಟೋ ಟ್ರೈಲರ್ ಟೈರುಗಳು 65 ಮೈಲಿಯ ವೇಗಕ್ಕೆಂದೇ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ ಕಾನೂನೇ 55 ಮೈಲಿಗೆ ಕಟ್ಟಿಹಾಕಿದೆ.

ಡಾಟ್‌ಸೆರೊದಲ್ಲಿ ಕೊಲರಾಡೊ ನದಿ ಬಂದು ಹೆದ್ದಾರಿಯ ಜೊತೆಯಾಗುತ್ತದೆ. ಅಲ್ಲಿಂದ ಗ್ಲೆನ್‌ವುಡ್ ಕಮರಿ. ಕಮರಿಯ ಗೋಡೆಗೆ ಪೆಟ್ಟಾಗದಂತೆ ಕಂಬಗಳ ಮೇಲೆ ಒಂದರ ಮೇಲೊಂದು ರಸ್ತೆ ಹಾಯಿಸಿ 1992ರಲ್ಲಿ ಮುಗಿಸಿದ ಈ ಭಾಗದಲ್ಲಿ ನದಿಯ ನೀರು ಕಿಟಕಿಯ ಕೆಳಗೇ ಹರಿಯುತ್ತದೆ. ಇದೇ ನದಿ ಯೂಟಾ ದಾಟಿ, ಗ್ರ್ಯಾಂಡ್ ಕ್ಯಾನ್ಯನ್ ಕೊರೆದು, ಹೂವರ್ ಅಣೆಕಟ್ಟೆಗೆ ಹೋಗಿ, ಅದರ ಕೆಳಗೆ ಡೇವಿಸ್ ಅಣೆಕಟ್ಟೆಗೆ ಸೇರುತ್ತದೆ. ಆ ಡೇವಿಸ್ ಅಣೆಕಟ್ಟೆಯ ಪಕ್ಕದಿಂದ ಅರಿಜೋನಾದ ಮರುಭೂಮಿಯ ಬೆಟ್ಟಕ್ಕೆ ಹತ್ತುವ 68ನೇ ನಂಬರಿನ ರಾಜ್ಯ ಹೆದ್ದಾರಿಯೇ ಟ್ರಕ್ಕುಗಳ ಎಳೆಯುವ ಶಕ್ತಿಗೆ ಒರೆಗಲ್ಲು. ಹಿಂದೆಲ್ಲ ಒಂದೊಂದು ಕಂಪನಿ ತನಗೆ ತೋಚಿದಂತೆ ಅಂಕಿ ಹೇಳಿಕೊಳ್ಳುತ್ತಿತ್ತು. ಆಮೇಲೆ ಎಸ್‌ಎಇ ಸಂಸ್ಥೆಯ ಜೆ2807 ಎಂಬ ಒಂದೇ ಪರೀಕ್ಷಾ ಕ್ರಮ ಬಂತು. ಟೊಯೋಟಾ ಅದನ್ನು 2011ರ ಮಾಡಲ್ ವೇಳೆಗೇ ಒಪ್ಪಿಕೊಂಡಿತು, ಅಮೆರಿಕದ ದೊಡ್ಡ ಕಂಪನಿಗಳು ಇನ್ನೂ ಕೆಲವು ವರ್ಷ ತಡಮಾಡಿದವು. ಬಿರುಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು, 11 ಮೈಲಿಗೂ ಹೆಚ್ಚು ಉದ್ದದ ಆ ಏರನ್ನು ಗಂಟೆಗೆ 40 ಮೈಲಿಗಿಂತ ಇಳಿಯದೆ ಹತ್ತಬೇಕು.

ಪರೀಕ್ಷೆ ಪ್ರಾಮಾಣಿಕವಾದದ್ದು. ಆದರೆ ಆಗ ಟ್ರಕ್ಕಿನಲ್ಲಿ ಕೂತಿರುವುದಾಗಿ ಎಣಿಸುವುದು ತಲಾ 68 ಕೆ.ಜಿ.ಯ ಇಬ್ಬರನ್ನು. ಮಕ್ಕಳಿಲ್ಲ, ಅಜ್ಜಿಯಿಲ್ಲ, ಹಿಂದೆ ಸೌದೆಯಿಲ್ಲ. ಜಾಹೀರಾತಿನ 11,000 ಪೌಂಡ್ ಹುಟ್ಟುವುದು ಹೀಗೆ. ಮೂರನೆಯವರು ಹತ್ತಿ ಕೂತ ಕ್ಷಣದಿಂದ ಆ ಅಂಕಿ ಕರಗಲು ಶುರುವಾಗುತ್ತದೆ. ಸಂಸಾರ ದೊಡ್ಡದಾದಷ್ಟೂ ಟ್ರೈಲರ್ ದೊಡ್ಡದು ಬೇಕೆನಿಸುತ್ತದೆ, ಸಂಸಾರ ದೊಡ್ಡದಾದಷ್ಟೂ ಟ್ರಕ್ಕಿಗೆ ಹೊರಲು ಮಿಗುವುದು ಕಡಿಮೆ. ಈ ಇಕ್ಕಟ್ಟನ್ನು ಜಾಹೀರಾತು ಹೇಳುವುದಿಲ್ಲವೆಂಬುದೇ ನನ್ನ ದೂರು.

ಯೂಟಾ ಗಡಿಯ ಹತ್ತಿರದ ಫ್ರೂಟಾದ ಕ್ಯಾಂಪ್ ಮೈದಾನದಲ್ಲಿ ನಮ್ಮ ಪಕ್ಕ ಇಳಿದುಕೊಂಡಿದ್ದವರು ಒಬ್ಬ ನಿವೃತ್ತ ರೈತ ಮತ್ತು ಆತನ ಹೆಂಡತಿ. ಅವರದು ತ್ರೀ ಕ್ವಾರ್ಟರ್ ಟನ್ ವರ್ಗದ ಡೀಸೆಲ್ ಟ್ರಕ್. ಇವನದು ಹಾಫ್ ಟನ್. ಒಂದು ಕಾಲಕ್ಕೆ ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಹೊರುತ್ತವೆಂದು ಬಂದ ಹೆಸರುಗಳು, ಈಗ ಗಾತ್ರದ ಗುರುತಿಗೆ ಮಾತ್ರ ಉಳಿದಿವೆ. ದೊಡ್ಡ ಟ್ರಕ್ ಕೊಂಡರೆ ಆರೂ ಜನ ಒಟ್ಟಿಗೆ ಹೋಗಬಹುದಲ್ಲ ಎಂಬ ಆಸೆ ಹುಡುಗನಿಗೆ ಬಹಳ ದಿನದಿಂದಲೂ ಇದೆ. ಆ ಹಿರಿಯರು ಪ್ರೀತಿಯಿಂದ ತಮ್ಮ ಬಾಗಿಲು ತೆಗೆದು ತೋರಿಸಿದರು. ಸುಮಾರು 950 ಕೆ.ಜಿ. ಅಷ್ಟು ದೊಡ್ಡ ದೇಹಕ್ಕೆ ಇವನದಕ್ಕಿಂತ ಇನ್ನೂರೈವತ್ತು ಚಿಲ್ಲರೆ ಕಿಲೋ ಮಾತ್ರ ಹೆಚ್ಚು. ಡೀಸೆಲ್ ಇಂಜಿನ್ನೇ ಬಲು ಭಾರ. ಅದರ ಮೇಲೆ ಆ ವರ್ಗದ ಎಷ್ಟೋ ಟ್ರಕ್ಕುಗಳ ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೆ ಕಟ್ಟಿರುತ್ತಾರೆ, ದಾಟಿದರೆ ಮೇಲಿನ ವರ್ಗದ ನಿಯಮಗಳು ಬಂದು ಬೀಳುತ್ತವೆಂದು. ಎಳೆಯುವ ಅಂಕಿಯಂತೂ ಅದಕ್ಕೆ ಬೆಟ್ಟದಷ್ಟಿದೆ. "ಪೆಟ್ರೋಲ್ ಇಂಜಿನ್ನಿನದು ತಗೊಂಡಿದ್ರೆ ಇನ್ನೂ ಹೆಚ್ಚು ಹೊರುತ್ತಿತ್ತು" ಎಂದು ಆ ರೈತ ಮುಖ ನೋಡದೆ ಟೈರನ್ನು ಸವರುತ್ತಾ ಹೇಳಿದರು.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಹುಡುಗನೂ ಅವನ ಹೆಂಡತಿಯೂ ಟ್ರೈಲರಿನ ಹೊರಗೆ ಕೂತು ಮಾತಾಡಿದರು. ಅವಳಿಗೆ ದೊಡ್ಡ ಟ್ರಕ್ ಬೇಡ. ಟ್ರೈಲರನ್ನೇ ಚಿಕ್ಕದು ಮಾಡೋಣ, 2,200 ಕೆ.ಜಿ. ಮೀರದ್ದು ಸಾಕು, ಊಟದ ಮೇಜು ಹೊರಗೆ ಹಾಕಿಕೊಳ್ಳೋಣ ಎಂದು ಅವಳ ವಾದ. ಹಾಗೆ ಮಾಡಿದರೆ ಮೂಕಿಭಾರ 290ರ ಸುತ್ತಮುತ್ತ ಬರುತ್ತದೆ, ಆರು ಜನ ಕೂತರೂ 661, ಅವರು ನಾಲ್ವರೇ ಹೋಗುವಾಗ ಇದ್ದಷ್ಟೇ. ನನ್ನ ಮತವೂ ಅವಳ ಕಡೆಗೇ. ಕುಳಿತುಕೊಳ್ಳುವ ಸೋಫಾ ಬಿಟ್ಟುಕೊಡಬಹುದು, ಅಜ್ಜಿಯನ್ನು ಬಿಟ್ಟುಹೋಗಲಾಗದು. ಅವನು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಮಕ್ಕಳು ಬೆಳೆಯುತ್ತಾರೆ, ಇನ್ನು ಐದು ವರ್ಷಕ್ಕೆ ಅವರಿಬ್ಬರದೇ ನಲವತ್ತು ಕಿಲೋ ಏರುತ್ತದೆ ಎಂದು ಹೊಸ ಲೆಕ್ಕ ತೆಗೆದ. "ಹಾಗಾದ್ರೆ ಹಿಚ್ಚಿನ ಹಗುರವಾದ ಮಾದರಿ ನೋಡೋಣ, ಸರಳು ಚಿಕ್ಕದಾಗುತ್ತೆ" ಎಂದಳು ಅವಳು. ಇಬ್ಬರೂ ಫೋನಿನ ಬೆಳಕಿನಲ್ಲಿ ಅದನ್ನು ಹುಡುಕುತ್ತಾ ಕೂತರು.

ಮರಳುವಾಗ ಪ್ಯಾಲಿಸೇಡ್‌ನಲ್ಲಿ ನಿಂತೆವು. ಕಮರಿಯಿಂದ ಹೊರಬರುವ ಗಾಳಿ ಹಿಮದಿಂದ ಕಾಪಾಡುವ ಆ ಊರಿನ ಪೀಚ್ ತೋಟಗಳು ಕೊಲರಾಡೊದಲ್ಲೆಲ್ಲ ಹೆಸರಾದವು. ಆಗಸ್ಟ್‌ನಲ್ಲಿ ಹಣ್ಣು ಮಾಗಿ ಅಂಗಡಿಯ ಮುಂದೆಲ್ಲ ಕಂಪು. ಅಕ್ಕ ಒಂದು ಪೆಟ್ಟಿಗೆ ಆರಿಸಿ, ಎತ್ತಿಕೊಂಡು ನೇರವಾಗಿ ಟ್ರಕ್ಕಿನ ಹತ್ತಿರ ಹೋದವಳು ಅರ್ಧದಲ್ಲೇ ನಿಂತು, "ಇದು ಒಂಬತ್ತು ಕಿಲೋ ಕಣೋ, ಕಾರಿಗೇ ಇಡ್ತೀನಿ" ಎಂದು ಮಗನಿಗೆ ಕೂಗಿ ಹೇಳಿದಳು. ಅವನು ಚೀಟಿ ತೆಗೆದು ನೋಡಿ, "ಇಲ್ಲೇ ಇಡಮ್ಮ, ಜಾಗ ಇದೆ. ಇನ್ನೊಂದು ಪೆಟ್ಟಿಗೆ ಬೇಕಾದ್ರೂ ತಗೋ" ಅಂದ. ಅವಳು ಎರಡು ತಂದಳು.